ಮಾವಶಿ ಹಾಕದ ಅಕ್ಷತೆ

ಮಾವಶಿಯ ಬಲಗೈ ಹೆಬ್ಬೆರಳಿನ ಒಳಬದಿ ನುಣ್ಣಗೆ ಹೊಳೆಯುತ್ತಿತ್ತು. ಉಳಿದ ಕೈಯೆಲ್ಲ ಒರಟು, ಹಿಮ್ಮಡಿಯ ಹಾಗೆ ಬಿರುಕು. ಆ ಒಂದು ಬೆರಳು ಮಾತ್ರ ಎಣ್ಣೆ ತಿಕ್ಕಿದಂತೆ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಎತ್ತು ಎಳೆಯುವ ಕೂರಿಗೆಯ ಹಿಂದೆ ನಡೆದು ಅದರ ಬಟ್ಟಲಿಗೆ ಬೀಜ ಬಿಟ್ಟ ಬೆರಳು ಅದು. ಮುಷ್ಟಿಯಿಂದ ಜೋಳದ ಕಾಳು ಅದರ ಮೇಲೆ ಜಾರಿ ಜಾರಿ ಚರ್ಮದ ಗೆರೆಗಳೇ ಅಳಿಸಿಹೋಗಿದ್ದವು. "ಬ್ಯಾಂಕಿನಾಗ ಹೆಬ್ಬೆಟ್ಟು ಒತ್ತಿದ್ರ ಬರೇ ಮಸಿ ಬೀಳ್ತದ, ಗೆರಿ ಬೀಳಂಗಿಲ್ಲ. ಸಾಹೇಬ ನನಗ ಬೈತಾನ, ನಾ ಏನ್ ಮಾಡ್ಲಿ?" ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಪುಣೆಯ ಕಾರ್ಖಾನೆಗಳಲ್ಲಿ ಕಸ ಗುಡಿಸುವ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ನಮ್ಮದು ತಳೇಗಾಂವ ದಾಭಾಡೆಯ ಕೈಗಾರಿಕಾ ವಸಾಹತಿನಲ್ಲಿದ್ದ ಸಣ್ಣ ಕಾರ್ಖಾನೆ. ಟ್ರಾಕ್ಟರಿನ ಹಿಂದೆ ಕಟ್ಟುವ ಬಿತ್ತನೆ ಯಂತ್ರ ಮಾಡಲು ಹೊರಟಿದ್ದೆವು. ತೊಂಬತ್ತರ ದಶಕದ ನಡುವೆ ನಾನು ಅಲ್ಲಿ ಡ್ರಾಯಿಂಗ್ ಬರೆಯುವ ಕೆಲಸಕ್ಕೆ ಸೇರಿದೆ. ಅಪ್ಪ ಧಾರವಾಡದಿಂದ ಬಂದು ಪುಣೆಯ ದಂಡಿನ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದವರು, ಹಾಗಾಗಿ ನನ್ನ ನಾಲಿಗೆ ಹೊರಗೆ ಮರಾಠಿ, ಸಿಟ್ಟು ಬಂದರೆ ಕನ್ನಡ. ಮೊದಲನೇ ವಾರವೇ ಒಂದು ಡ್ರಾಯಿಂಗಿನ ಮೇಲೆ ಚಹಾ ಚೆಲ್ಲಿಕೊಂಡು, "ಅಯ್ಯ, ಇದರ ಹೆಣಾ ಎತ್ತಲಿ!" ಅಂದುಬಿಟ್ಟೆ. ಬಾಗಿಲ ಹತ್ತಿರ ಗುಡಿಸುತ್ತಿದ್ದಾಕೆ ಕಸಬರಿಗೆ ಕೆಳಗೆ ಹಾಕಿ ಬಂದಳು.

"ಯವ್ವಾ, ನೀ ನಮ್ಮ ಕಡ್ಯಾಕಿ ಏನ?"

ಆಕೆ ವಿಜಾಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಪುಣೆಗೆ ಬಂದವಳು. ಅಂದಿನಿಂದ ನಾನು ಆಕೆಯನ್ನು ಮಾತಾಡಿಸುವುದು ಏಕವಚನದಲ್ಲೇ, ಅವ್ವನನ್ನು ಮಾತಾಡಿಸುವ ಹಾಗೆ.

ನಮ್ಮ ಯಂತ್ರದ ಕೆಲಸ ಇಷ್ಟೇ: ಒಂದು ಜಾಗಕ್ಕೆ ಒಂದೇ ಕಾಳು, ಮುಂದಿನ ಗೇಣಿಗೆ ಮತ್ತೊಂದೇ ಕಾಳು, ಸಾಲಿನ ತುದಿಯವರೆಗೂ ಹಾಗೇ. ಬೀಜದ ಡಬ್ಬಿಯ ಕೆಳಗೆ ತೂತುಗಳಿರುವ ಒಂದು ತಟ್ಟೆ ತಿರುಗುತ್ತದೆ, ಹಿಂದಿನಿಂದ ಪಂಖೆ ಗಾಳಿ ಎಳೆಯುತ್ತದೆ, ತೂತಿಗೊಂದು ಕಾಳು ಅಂಟಿಕೊಂಡು ಬಂದು ಕೊಳವೆಯಲ್ಲಿ ಬೀಳುತ್ತದೆ. ಹೇಳುವುದಕ್ಕೆ ಭಾಳ ಸುಲಭ. ಆ ತಟ್ಟೆಯ ಡ್ರಾಯಿಂಗ್ ನನ್ನದು, ಅದು ನನ್ನ ಜೀವ ತಿಂದಿತು.

ಗ್ರೀಸ್ ಬಳಿದ ಉದ್ದ ಪಟ್ಟಿಯ ಮೇಲೆ ಕಾಳು ಬೀಳಿಸಿ, ಮೊಣಕಾಲೂರಿ ಅಳತೆಪಟ್ಟಿ ಹಿಡಿದು ಅಂತರ ನೋಡುವುದು ನಮ್ಮ ಪರೀಕ್ಷೆ. ಒಂದು ದಿನ ನಾನು ಹಾಗೆ ಕೂತಿರುವಾಗ ಮಾವಶಿ ಬೆನ್ನು ತಿರುಗಿಸಿಕೊಂಡು ಗುಡಿಸುತ್ತಲೇ ಅಂದಳು, "ಒಂದು ತಪ್ತು ನೋಡು."

"ಏನು ತಪ್ತು? ನೀ ಗುಡಸು."

"ಈಗ ಎರಡು ಕೂಡೇ ಬಿದ್ವು."

ಪಟ್ಟಿ ನೋಡಿದೆ. ಒಂದು ಕಡೆ ಖಾಲಿ, ಅದರ ಮುಂದೆ ಜೋಡಿ ಕಾಳು. ನನಗೆ ಮೈಯೆಲ್ಲ ಉರಿಯಿತು. ನಾನು ಮೂರು ವರ್ಷ ಓದಿದ್ದು ಗುಡಿಸುವಾಕೆಯಿಂದ ತಪ್ಪು ಹೇಳಿಸಿಕೊಳ್ಳುವುದಕ್ಕಾ? ಹಟಕ್ಕೆ ಬಿದ್ದು ಇನ್ನೂ ಹತ್ತು ಸಲ ಪಟ್ಟಿ ಓಡಿಸಿದೆ, ಹತ್ತೂ ಸಲ ಆಕೆಯದೇ ಸರಿ. ಕೊನೆಗೆ, "ಹೆಂಗ ಗೊತ್ತಾಗ್ತದ ನಿನಗ?" ಎಂದು ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಕೂರಿಗಿ ಹಿಂದ ನಡಿಯೂ ಮುಂದ ಕಾಳಿನ ಸಪ್ಪಳ ಕೇಳಲಿಲ್ಲಂದ್ರ ಬಿತ್ತೂದು ಹೆಂಗವಾ? ಕಣ್ಣು ಎತ್ತಿನ ಮ್ಯಾಲ ಇರ್ತಾವಲ್ಲ."

ನಮ್ಮ ಮಾಲಕರು ಬೆಳಗಾವಿ ಕಡೆಯವರು, ಕಡಿಮೆ ಮಾತಿನವರು. ಸಂಗತಿ ಕೇಳಿ ಮರುದಿನವೇ ಪರೀಕ್ಷೆಯ ಪಟ್ಟಿಯ ಪಕ್ಕ ಒಂದು ಸ್ಟೂಲ್ ಹಾಕಿಸಿ, "ಮಾವಶೀ, ಇನ್ನ ಮ್ಯಾಲ ಕಸಬರಿಗಿ ಬ್ಯಾಡ್ರಿ, ಇಲ್ಲೇ ಕೂಡ್ರಿ" ಅಂದರು. ಆಕೆ ಸ್ಟೂಲಿನ ಸುತ್ತ ಒಮ್ಮೆ ಗುಡಿಸಿಯೇ ಕೂತಳು.

ಒಂದೆರಡು ವರ್ಷದಲ್ಲಿ 'ಕಣ್ಣು' ಬಂತು. ಕೊಳವೆಯ ಒಂದು ಬದಿಗೆ ಸಣ್ಣ ದೀಪ, ಎದುರು ಬದಿಗೆ ಅದನ್ನು ನೋಡುವ ಒಂದು ಬಿಲ್ಲೆ. ಕಾಳು ಹಾದುಹೋದಾಗ ಬೆಳಕು ತಡೆದು ಲೆಕ್ಕ ಸಿಗುತ್ತದೆ. ಒಂದು ತಪ್ಪಿದರೂ ಚಾಲಕನ ಪಕ್ಕದ ಪೆಟ್ಟಿಗೆ ಕೂಗುತ್ತದೆ. ಮಾವಶಿಯ ಕೆಲಸ ಹೋಯಿತು ಎಂದು ನಾವೆಲ್ಲ ಗುಸುಗುಸು ಮಾಡಿದೆವು. ಆಕೆಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನೇ ಹೇಳಿದೆ.

"ಹೋಗ್ಲಿ ಬಿಡವಾ," ಅಂದಳು. "ನನ್ನ ಕಿವಿ ನನ್ನ ಸಂಗಾಟ ಸುಟ್ಟು ಹೋಗ್ತದ. ಇದಕ್ಕ ಕಲಿಸಿದ್ರ ಇದು ಉಳೀತದ. ಕಲಸೂಣು ಬಾ."

ಹದಿನೈದು ದಿನ ಕಲಿಸಿದಳು. ತಪ್ಪಿದಾಗ ಆಕೆ "ಹಾಂ!" ಅನ್ನುವುದು, ಪೆಟ್ಟಿಗೆ ಸುಮ್ಮನಿರುವುದು, ನಾವು ದೀಪ ಸರಿಸುವುದು, ಧೂಳು ಒರೆಸುವುದು, ಮತ್ತೆ ಓಡಿಸುವುದು. ಕೊನೆಗೊಂದು ಮಧ್ಯಾಹ್ನ ಪೆಟ್ಟಿಗೆ ಆಕೆಗಿಂತ ಮೊದಲು ಕೂಗಿತು. "ಗೆದ್ತು! ನನ್ನ ಗೆದ್ತು!" ಎಂದು ಮಾವಶಿ ಚಪ್ಪಾಳೆ ಹೊಡೆದಳು. ತಾನು ಸೋತದ್ದಕ್ಕೆ ಅಷ್ಟು ಹಿಗ್ಗಿದವರನ್ನು ನಾನು ಮತ್ತೆ ನೋಡಿಲ್ಲ. ಮಾಲಕರು ಆಕೆಯನ್ನು ಪರೀಕ್ಷೆಯ ಕೆಲಸದಲ್ಲೇ ಇಟ್ಟುಕೊಂಡರು.

ಯಂತ್ರ ಹೊಲಕ್ಕಿಳಿಯುವ ದಿನ ಬಂತು. ದೌಂಡ್ ಹತ್ತಿರದ ಒಬ್ಬ ಹಿರಿಯ ರೈತರ ಹೊಲ, ಮೆಕ್ಕೆಜೋಳದ ಬಿತ್ತನೆ. ಊರಿನ ರೈತರೆಲ್ಲ ಕೂಡಿ ನೋಡಿ ಒಪ್ಪಿದರೆ ಆರು ಯಂತ್ರ ತೆಗೆದುಕೊಳ್ಳುವುದೆಂದು ಮಾತು. ಒಪ್ಪದಿದ್ದರೆ ಬಿತ್ತನೆ ಯಂತ್ರದ ಕೆಲಸ ಬಂದ್, ಮತ್ತೆ ಬೇರೆಯವರಿಗೆ ಬೋಲ್ಟು ನಟ್ಟು ಮಾಡಿಕೊಡುವುದು ಎಂದು ಮಾಲಕರು ಮೊದಲೇ ಹೇಳಿದ್ದರು. ನನ್ನ ನಾಲ್ಕು ವರ್ಷ ಆ ತಟ್ಟೆಯಲ್ಲಿತ್ತು.

ಹೊಲದ ಬದುವಿನಲ್ಲಿ ಯಂತ್ರಕ್ಕೆ ಪೂಜೆ ಮಾಡಿದೆವು. ಹೊಸ ಯಂತ್ರ ಪೂಜೆಯಿಲ್ಲದೆ ಚಾಲೂ ಆಗುವುದುಂಟೇ? ಮಾಲಕರು ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಟೈರಿಗೆ ಅಕ್ಷತೆ ಹಾಕಿ, ರೈತರನ್ನು ಕರೆತರಲು ಹೋದರು. ಮಾವಶಿ ದೂರ ಜೀಪಿನ ಹಿಂದೆ ನಿಂತು ನೋಡುತ್ತಿದ್ದಳು. ಗಂಡ ಸತ್ತವಳು ಶುಭಕಾರ್ಯದ ಎದುರು ಬರಬಾರದು ಎಂದು ಆಕೆಯ ತಲೆಯಲ್ಲಿ ಊರು ತುಂಬಿ ಕಳಿಸಿತ್ತು. ನಾನು ಎಷ್ಟು ಬೈದರೂ ಬರುತ್ತಿರಲಿಲ್ಲ. ನನ್ನ ಕೈಯಲ್ಲಿ ಅಕ್ಷತೆಯ ತಟ್ಟೆ ಉಳಿಯಿತು. ಏನನಿಸಿತೋ, ಬೀಜಕ್ಕೂ ಆಶೀರ್ವಾದ ಇರಲಿ ಎಂದು ಡಬ್ಬಿಯ ಮುಚ್ಚಳ ಎತ್ತಿ ಎರಡು ಮುಷ್ಟಿ ಒಳಗೆ ಹಾಕಿದೆ. ಓದಿದ ಹುಡುಗಿ, ಯಂತ್ರದ ತಟ್ಟೆಯ ಒಂದೊಂದು ತೂತನ್ನೂ ಅಳೆದು ಬರೆದವಳು! ಈಗಲೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಟ್ರಾಕ್ಟರ್ ಹೊರಟಿತು. ಪೆಟ್ಟಿಗೆ ಒಮ್ಮೆಯೂ ಕೂಗಲಿಲ್ಲ. ಒಂದೂ ತಪ್ಪಿಲ್ಲ ಎಂದು ಚಾಲಕ ಕೈ ಎತ್ತಿ ತೋರಿಸಿದ. ರೈತರು ತಲೆದೂಗಿದರು, ನಾನು ಉಬ್ಬಿದೆ. ಆ ಗದ್ದಲದಲ್ಲಿ ಕಿವಿ ನಡೆಯದೆ ಮಾವಶಿ ಮಾತ್ರ ಸಾಲಿನ ಹಿಂದೆ ಬಗ್ಗಿ ಬೆರಳಿನಿಂದ ಮಣ್ಣು ಕೆದಕುತ್ತ ಬರುತ್ತಿದ್ದಳು. ನಡುಹೊಲದಲ್ಲಿ ನಿಂತು ನನ್ನ ಕಡೆ ನೋಡಿದಳು. ಆಕೆಯ ಅಂಗೈಯಲ್ಲಿ ಅರಿಷಿಣದ ಅಕ್ಕಿ ಕಾಳು.

ನನಗೆ ಕೂಡಲೇ ತಿಳಿಯಿತು. ತೂತುಗಳಿಗೆ ಅಕ್ಕಿ ಅಂಟಿಕೊಂಡು ಕೊಳವೆಯಲ್ಲಿ ಬೀಳುತ್ತಿತ್ತು. ಅಕ್ಕಿಯೋ ಮೆಕ್ಕೆಜೋಳವೋ ಯಂತ್ರದ ಕಣ್ಣಿಗೇನು ಗೊತ್ತು? ಬಿದ್ದದ್ದನ್ನೆಲ್ಲ ಎಣಿಸಿ ಎಲ್ಲ ಸರಿ ಅನ್ನುತ್ತಿತ್ತು. ಸುಮ್ಮನಿದ್ದರೆ ಅಂದು ಯಾರಿಗೂ ತಿಳಿಯುತ್ತಿರಲಿಲ್ಲ. ಎಂಟು ದಿನದ ಮೇಲೆ ಸಾಲುಗಳು ಬೋಳು ಬೋಳಾಗಿ ಎದ್ದಾಗ ತಿಳಿಯುತ್ತಿತ್ತು, ಆ ಹೊತ್ತಿಗೆ ರೈತನ ಬಿತ್ತನೆಯ ಹದ ಹೋಗಿರುತ್ತಿತ್ತು. ಸುಮ್ಮನಿರು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಹೌದು, ಮಾಡಿದೆ, ಮುಚ್ಚಿಡುವುದಿಲ್ಲ.

"ಥಾಂಬಾ! ನಿಲ್ಲಸ್ರೀ!" ಎಂದು ಮಾವಶಿ ಎರಡೂ ಭಾಷೆಯಲ್ಲಿ ಕೂಗಿ ಟ್ರಾಕ್ಟರಿನ ಮುಂದೆ ಹೋಗಿ ನಿಂತಳು. ಎಲ್ಲರೂ ಓಡಿ ಬಂದರು. ಆಕೆ ಹರಕು ಮುರುಕು ಮರಾಠಿಯಲ್ಲಿ ಹಿರಿಯ ರೈತರಿಗೆ ಹೇಳಿದಳು, "ಯಂತ್ರದ್ದು ತಪ್ಪಿಲ್ಲ. ಬೀಜದಾಗ ಅಕ್ಷತಿ ಹಾಕಿಬಿಟ್ಟೀನಿ. ಮುದುಕಿ, ತಿಳೀಲಿಲ್ಲ."

ಗುಂಪಿನಲ್ಲಿ ಯಾರೋ, ಗಂಡ ಸತ್ತವಳು ಅಕ್ಷತೆ ಮುಟ್ಟಿದರೆ ಇನ್ನೇನಾಗುತ್ತದೆ ಅಂದರು. ಆಕೆಗೆ ಕೇಳಿಸಿತು, ನನಗೂ ಕೇಳಿಸಿತು. ನಾನು ಬಾಯಿ ತೆರೆದೆ. ಆಕೆ ನನ್ನ ಮುಂಗೈ ಹಿಡಿದು ಎಷ್ಟು ಜೋರಾಗಿ ಹಿಚುಕಿದಳೆಂದರೆ ಮಾತು ಹೊರಡಲಿಲ್ಲ. ಮಾಲಕರು ಡಬ್ಬಿ ಬರಿದು ಮಾಡಿಸಿದರು. ಮಾವಶಿ ಕುಪ್ಪಸದ ಪಿನ್ನು ತೆಗೆದು ತೂತಿನಲ್ಲಿ ಸಿಕ್ಕಿದ್ದ ನುಚ್ಚನ್ನೆಲ್ಲ ಒಂದೊಂದಾಗಿ ಎಬ್ಬಿಸಿದಳು. ಅದೇ ಸಾಲುಗಳನ್ನು ಮತ್ತೆ ಬಿತ್ತಿದೆವು. ಹಿರಿಯ ರೈತರು ತಾವೇ ಕೂತು ಗೇಣುಗೇಣಿಗೆ ಕೆದಕಿ ನೋಡಿದರು. ಗೇಣಿಗೊಂದು ಕಾಳು, ಒಂದೇ ಕಾಳು.

ಸಂಜೆ ಜೀಪಿನಲ್ಲಿ ನಾನು ಅಳುತ್ತಿದ್ದೆ. "ನೀ ಯಾಕ ಸುಳ್ಳ ಹೇಳಿದಿ? ನಾ ಹಾಕಿದ್ದು ಅಂತ ಮಾಲಕರಿಗೆ ಹೇಳ್ತೀನಿ."

"ಹುಚ್ಚಿ ಇದ್ದೀಯೇನ?" ಅಂದಳು. "ನೀ ಯಂತ್ರ ಬರದಾಕಿ. ನೀ ತಪ್ಪು ಮಾಡಿದಿ ಅಂದ್ರ ಯಂತ್ರದ್ದು ತಪ್ಪು ಆಗ್ತದ, ಯಾರೂ ತಗೋಳಂಗಿಲ್ಲ. ನಾ ಮಾಡೀನಂದ್ರ ಬರೇ ಮುದುಕೀದು ತಪ್ಪು. ನಾ ಇರೂತನಕ ಬಾಯಿ ಬಿಡಬ್ಯಾಡ, ಆಣಿ ಅದ ನೋಡು."

"ಮತ್ತ ಅವರು ಹಂಗ ಅಂದ್ರಲ್ಲ ನಿನಗ?"

"ಅಂದ್ರು," ಎಂದು ಉಗುರಿನೊಳಗಿನ ಮಣ್ಣು ಕೆದಕುತ್ತ, "ನಾಳೆ ಬೀಜ ಹುಟ್ಟಿದ್ರ ಸಾಕು" ಅಂದಳು.

ಹುಟ್ಟಿತು. ಎಂಟನೇ ದಿನ ಹೋಗಿ ನೋಡಿದಾಗ ಆ ಕರಿ ಹೊಲದಲ್ಲಿ ಮೊಳಕೆ ಎಷ್ಟು ನೇರ, ಎಷ್ಟು ಸಮ ಎದ್ದಿತ್ತೆಂದರೆ ಬದುವಿನಲ್ಲಿ ನಿಂತ ರೈತರು ಸಾಲಿನ ತುದಿಯವರೆಗೂ ನಡೆದು ನೋಡಿ ಬಂದರು. ಹಿಂದೆಲ್ಲ ಕೈ ಅಳತೆಗೆ ಬಿತ್ತಿ ಹೆಚ್ಚಾದ ಸಸಿ ಕಿತ್ತು ಬಿಸಾಡುತ್ತಿದ್ದ ಮಾವಶಿ ಸಾಲಿನೊಳಗೆ ಹೋಗಿ ಕೀಳಲು ಒಂದು ಸಸಿಯೂ ಸಿಗದೆ ಬರಿಗೈಯಲ್ಲಿ ವಾಪಸ್ಸು ಬಂದಳು. ಅಷ್ಟು ಖುಷಿಯ ಮುಖ ಆಕೆಯದು! ಆರೂ ಯಂತ್ರಕ್ಕೆ ಮಾತಾಯಿತು.

ಮೊದಲನೇ ಯಂತ್ರ ಕಾರ್ಖಾನೆಯಿಂದ ಹೊರಡುವ ದಿನ ಪೂಜೆಗೆ ಎಲ್ಲರೂ ನೆರೆದಿದ್ದೆವು. ಮಾವಶಿ ಎಂದಿನಂತೆ ದೂರ, ಗೇಟಿನ ಹತ್ತಿರ. ಮಾಲಕರು ಅಕ್ಷತೆಯ ತಟ್ಟೆ ಹಿಡಿದುಕೊಂಡು ಅಂಗಳ ದಾಟಿ ಆಕೆಯ ಮುಂದೆ ಹೋಗಿ ನಿಂತರು.

"ಮಾವಶೀ," ಅಂದರು. "ಈ ಸಲ ಖರೇನ ನೀವೇ ಹಾಕ್ರಿ."

ಖರೇನ! ಪೂಜೆಯ ಹತ್ತಿರವೂ ಬಾರದಾಕೆ ಅಕ್ಷತೆ ಮುಟ್ಟಿರಲಾರಳೆಂದು ಅವರಿಗೆ ಗೊತ್ತಿತ್ತು, ಅಂದಿನಿಂದಲೂ ಗೊತ್ತಿತ್ತು. ಮಾವಶಿ, "ಬ್ಯಾಡ್ರೀ ಸಾಹೇಬ್ರ, ನಾ ಹಾಕಬಾರದ್ರೀ" ಎಂದು ಹಿಂದೆ ಸರಿದಳು. "ನೀವು ಹಾಕೂತನಕ ಗಾಡಿ ಹೊಂಡಂಗಿಲ್ರಿ" ಎಂದು ಅವರು ಅಲ್ಲೇ ನಿಂತರು. ಎಷ್ಟೋ ಹೊತ್ತು ಹಾಗೇ ನಿಂತರು. ಕೊನೆಗೆ ಆಕೆ ಸೆರಗು ಹೊದ್ದು ಬಂದಳು. ಡಬ್ಬಿಯ ಮುಚ್ಚಳ ಗಟ್ಟಿ ಇದೆಯೋ ಎಂದು ಮೊದಲು ಒತ್ತಿ ನೋಡಿ, ಆಮೇಲೆ ಟೈರಿನ ಮೇಲೆ ಅಕ್ಷತೆ ಹಾಕಿದಳು. ಅಲ್ಲಿಂದ ಮುಂದೆ ಎಂಟೊಂಬತ್ತು ವರ್ಷ ಆಕೆಯ ಕೈ ಅಕ್ಷತೆ ಬೀಳದೆ ನಮ್ಮ ಒಂದು ಯಂತ್ರವೂ ಗೇಟು ದಾಟಲಿಲ್ಲ. ನನ್ನ ಮಗಳ ಹೆಸರಿಡುವ ದಿನವೂ ತೊಟ್ಟಿಲಿಗೆ ಮೊದಲ ಅಕ್ಷತೆ ಆಕೆಯದೇ. ನಮ್ಮತ್ತೆ ಮುಖ ಗಂಟಿಕ್ಕಿದರು, ಗಂಟಿಕ್ಕಲಿ ಎಂದು ಬಿಟ್ಟೆ.

ಮಾವಶಿ ಒಂದು ಮಳೆಗಾಲದ ಮೊದಲ ವಾರ ತೀರಿಕೊಂಡಳು, ಬಿತ್ತನೆಯ ದಿನಗಳಲ್ಲೇ. ಕಾರ್ಖಾನೆಯ ಅಂಗಳದಲ್ಲಿ ಸಭೆ ಸೇರಿದೆವು. ದೌಂಡಿನಿಂದ ಆ ರೈತರೂ ಬಂದಿದ್ದರು, ಹಿರಿಯರು ಮಗನ ಹೆಗಲು ಹಿಡಿದುಕೊಂಡು. ಅವರು ಮಾತಾಡಿ, ಅಕ್ಷತೆ ಹಾಕಿ ಕೆಡಿಸಿದರೂ ತಾನೇ ನಿಲ್ಲಿಸಿದ ಪ್ರಾಮಾಣಿಕ ಹೆಂಗಸು ಎಂದು ಹೊಗಳಿದರು. ಎಲ್ಲರೂ ತಲೆದೂಗಿದರು. ಮಾಲಕರು ಒಬ್ಬರೇ ನನ್ನ ಕಡೆ ನೋಡಿದರು. ಆಣೆ ಅಂದಿಗೆ ಮುಗಿದಿತ್ತು. ನಾನು ಎದ್ದು ನಿಂತೆ. ಹಿಂದಿನ ಸಾಲಿನವರಿಗೂ ಕೇಳುವಷ್ಟು ಜೋರಾಗಿ ಮೊದಲು ಮರಾಠಿಯಲ್ಲಿ, ಆಮೇಲೆ ಆಕೆಯ ತಮ್ಮನಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದೆ: "ಅವತ್ತ ಬೀಜದಾಗ ಅಕ್ಷತಿ ಹಾಕಿದಾಕಿ ನಾನು. ಮಾವಶಿ ಅಲ್ಲ."