ಗೂಟದಣ್ಣನ ನಾಲ್ಕನೇ ಗೂಡು

ಇಪ್ಪತ್ತೆಂಟು ವರ್ಷ ಮೇವು ಕೊಯ್ಯುವ ಯಂತ್ರ ಓಡಿಸಿದವನಿಗೆ ಊರು ಇಟ್ಟ ಹೆಸರು ಗೂಟದಣ್ಣ. ಹೊಲದಲ್ಲಿ ಟಿಟ್ಟಿಭ ಹಕ್ಕಿಯ ಗೂಡು ಕಂಡರೆ ಸಾಕು, ಎರಡು ಹೆಜ್ಜೆ ಆಚೆ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಿದ್ದ, ಯಂತ್ರ ಸುತ್ತು ಹಾಕಿ ಹೋಗಲೆಂದು. ಗೂಡೆಂದರೆ ದೊಡ್ಡ ಮಾತಾಯಿತು; ನೆಲದಲ್ಲೊಂದು ಬೊಗಸೆ ಕುಳಿ, ಅದರಲ್ಲಿ ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ.

"ಇಷ್ಟೆಲ್ಲಾ ಮಾಡಿದ್ದಾಯ್ತು, ಇನ್ನು ನೀವೇ ಹೋಗಿ ಕಾವಿಗೆ ಕೂತ್ಕೊಳ್ಳಿ," ಎಂದು ಹೆಂಡತಿ ರೇಗಿಸುತ್ತಿದ್ದಳು. ತನ್ನ ಹಳೆಯ ಕೆಂಪು ಹೊದಿಕೆಯನ್ನು ಹರಿದು ಬಟ್ಟೆ ಕೊಟ್ಟವಳೂ ಅವಳೇ.

ಮೊದಲೆಲ್ಲ ಹೊಲದಲ್ಲಿ ಗಿಡ್ಡ ಬೆಳೆ, ನಡುನಡುವೆ ಬೋಳು ನೆಲ ಇರುತ್ತಿತ್ತು. ಕಾವಿಗೆ ಕೂತ ಟಿಟ್ಟಿಭಕ್ಕೆ ಸುತ್ತಲೂ ದೂರದವರೆಗೆ ಕಾಣಬೇಕು, ಇಲ್ಲದಿದ್ದರೆ ಅದು ಅಲ್ಲಿ ಮೊಟ್ಟೆಯಿಡುವುದಿಲ್ಲ. ಈಗ ಆಳೆತ್ತರದ ಮೇವು ಒತ್ತೊತ್ತಾಗಿ ಬೆಳೆಯುತ್ತದೆ, ನಡುವೆ ಹಾವು ನುಗ್ಗಲೂ ಜಾಗವಿಲ್ಲ. ಉಳಿದದ್ದು ಕೆಳಗಿನ ಅಂಚಿನ ಬೋಳು ಪಟ್ಟಿಯೊಂದೇ. ಈ ವರ್ಷ ಅಲ್ಲಿ ನಾಲ್ಕು ಗೂಡು, ನಾಲ್ಕು ಗೂಟ.

"ಆ ಪಟ್ಟೀನ ಉತ್ತು ಮೇವು ಹಾಕ್ತೀನಪ್ಪಾ. ನೀನು ಇಷ್ಟು ಗೋಗರೀತೀಯ ಅಂತ ಇದೊಂದ್ಸಲ ಬಿಟ್ಟಿದೀನಿ. ಒಂದು ಮರಿ ತೋರ್ಸು, ಮುಂದೂ ಬಿಡ್ತೀನಿ," ಎಂದಿದ್ದರು ಹೊಲದ ಯಜಮಾನರು.

ಒಂದೇ ಒಂದು ಮರಿ! ಗೂಟದಣ್ಣ ಬೀಗಿದ. ವಾರದೊಳಗೆ ಮೊದಲ ಗೂಡು ಬರಿದಾಯಿತು. ಆಮೇಲೆ ಎರಡನೆಯದು. ಪಕ್ಕದ ಹೊಲದವನ ನಾಯಿಯೇ ತಿಂದಿತೆಂದು ಅವನ ಜೊತೆ ಜಗಳವಾಡಿ ಬಂದ. ಮೂರನೆಯದೂ ಹೋಯಿತು. ಮರುದಿನ ಬೆಳಿಗ್ಗೆ ಹೋಗಿ ಯಂತ್ರದ ಮರೆಯಲ್ಲಿ ಕಾದು ಕೂತ.

ಬಂದದ್ದು ನಾಯಿಯಲ್ಲ, ಕಾಗೆ. ಮೊದಲ ಗೂಟದ ಮೇಲೆ ಕೂತು ಕೆಳಗೆ ಬಗ್ಗಿ ನೋಡಿತು. ಹಾರಿ ಎರಡನೆಯದಕ್ಕೆ. ಅಲ್ಲಿಂದ ಮೂರನೆಯದಕ್ಕೆ. ಸಾಲಂಗಡಿಗಳನ್ನು ಸುತ್ತಿದಂತೆ!

ಹಾಗಾದರೆ ಕಳ್ಳನಿಗೆ ದಾರಿ ತೋರಿಸಿದವನು ತಾನೇ, ಇಷ್ಟು ವರ್ಷವೂ! ಕೂಗುತ್ತಾ ಓಡಿದ. ನಾಲ್ಕನೇ ಗೂಟ ಕಿತ್ತು ಕಾಗೆಯತ್ತ ಬೀಸಿ ಒಗೆದ, ಬಾಯಿಗೆ ಬಂದಂತೆ ಬೈಯುತ್ತಾ ಅಟ್ಟಿಸಿಕೊಂಡು ಹೋದ. ಕಾಗೆ ಮರೆಯಾದ ಮೇಲೆ ಹಿಂದಿರುಗಿ, ಪಟ್ಟಿಯ ನಡುವಿಗೆ ಬಂದು ನಿಂತ.

ಗೂಡೆಲ್ಲಿ? ಬಿರುಕುಬಿಟ್ಟ ನೆಲ, ಹೆಂಟೆ, ಕಲ್ಲು, ಎಲ್ಲವೂ ಮೊಟ್ಟೆಯಂತೆಯೇ ಕಂಡವು. ತಲೆಯ ಮೇಲೆ ತಾಯಿಹಕ್ಕಿ ಅರಚುತ್ತಾ ಸುತ್ತುತ್ತಿತ್ತು. ಅವನಿದ್ದರೆ ಅದು ಇಳಿಯುವುದಿಲ್ಲ. ಇಳಿಯದಿದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತವೆ. ಹೋಗೋಣವೆಂದರೆ ಕಾಲಿಡುವುದೆಲ್ಲಿ? ಗೂಟವಿಲ್ಲದೆ ಗೂಡು ಗುರುತಿಸುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

ಬೂಟು ಕಳಚಿ ಮಂಡಿಯೂರಿದ. ಮುಂದಿನ ನೆಲವನ್ನು ಕೈಯಿಂದ ಸವರಿ ಸವರಿ ತೆವಳತೊಡಗಿದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಅಳುತ್ತಿದ್ದನೋ ಏನೋ.

"ರೀ, ಏನಾಯ್ತು? ಬರ್ಲಾ ಅಲ್ಲಿಗೆ?" ಬುತ್ತಿ ತಂದಿದ್ದ ಹೆಂಡತಿ ಬದುವಿನಿಂದ ಕೂಗಿದಳು.

"ಬೇಡ, ಬೇಡ! ಅಲ್ಲೇ ನಿಲ್ಲು!" ಎಂದು ಗಾಬರಿಯಿಂದ ಅವಳ ಕಡೆ ತಿರುಗಿದ.

ಬಲಮಂಡಿಯ ಕೆಳಗೆ ಸಣ್ಣ ಸದ್ದಾಯಿತು. ಬಟ್ಟೆ ಒದ್ದೆಯಾಯಿತು. ಇನ್ನೆರಡು ದಿನ ಕಳೆದಿದ್ದರೆ ಅವು ಮರಿಗಳು.

"ಸಿಕ್ತಾ?" ಎಂದಳು.

ಅವನು ಮಂಡಿ ಎತ್ತಲಿಲ್ಲ.

"ಸಿಕ್ತು," ಎಂದ.