ಕುಂಬಳಕಾಯಿಯ ಕುಂಕುಮ

ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಕಟ್ಟಡದ ಹಿಂದೆ ಆಗಾಗ ಹುಲ್ಲು ಕತ್ತರಿಸುತ್ತಾರೆ. ನೀರುಂಡ ಹುಲ್ಲಿನ ಆ ಹಸಿ ವಾಸನೆ ಬಾಲ್ಕನಿಗೆ ಬಂದರೆ ಸಾಕು, ನಾನು ದುಬೈಯಲ್ಲಿರುವುದಿಲ್ಲ. ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿರುತ್ತೇನೆ. ನಾನು ಸಣ್ಣವಳಿದ್ದಾಗ ಅಪ್ಪ ಅಲ್ಲಿ ಡಾಕ್ಟರು. ಧಾರವಾಡದಿಂದ ಹೋದ ನಾವು ಮೂವರೇ ಆ ಊರಿನ ಕಂದು ಜನ. ಕಲ್ಲಿನ ಗೋಡೆಗಳು, ಮುಳ್ಳುಬೇಲಿಯಲ್ಲಿ ಕಪ್ಪು ಹಣ್ಣು, ಮಂಜಿನೊಳಗೆ ಮೊದಲು ಕೆಮ್ಮಿ ಆಮೇಲೆ ಕಾಣಿಸುವ ಕುರಿಗಳು. ಇದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರವೆಷ್ಟು, ಆಣೆ ಮಾಡಿ ಹೇಳಲಾರೆ. ಡೈರಿ ಬರೆಯುವ ಚಟ ನನಗೆ ಹತ್ತಿದ್ದು ಬಹಳ ತಡವಾಗಿ.

ಒಂದು ಸಂಗತಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಸುಗ್ಗಿಯ ಹೊತ್ತಿಗೆ ಶಾಲೆಯ ಮಕ್ಕಳೆಲ್ಲ ಹಿತ್ತಲಲ್ಲಿ ಬೆಳೆದದ್ದನ್ನು ಚರ್ಚಿಗೆ ಒಯ್ದು ಸಾಲಾಗಿ ಇಡುವುದು ಆ ಊರಿನ ಪದ್ಧತಿ. ನನ್ನ ಪಾಲಿಗೆ ಅವ್ವ ಬೆಳೆಸಿದ ಕುಂಬಳಕಾಯಿ ಬಂತು. ದೇವರ ಮುಂದೆ ಬರಿಗಾಯಿ ಇಡುವುದುಂಟೇ ಎಂದು ಅವಳು ಅದಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು ಕಳಿಸಿದಳು. ಅವಳಿಗೆ ಚರ್ಚಿಗೆ ಬರಲಾಗಲಿಲ್ಲ. ಚರ್ಚಿನ ಗೇಟಿನ ಹತ್ತಿರ ನಾನು ಕೂತು, ಒದ್ದೆ ಹುಲ್ಲು ಕಿತ್ತು, ಉಜ್ಜಿ ಉಜ್ಜಿ ಎಲ್ಲವನ್ನೂ ಒರೆಸಿಬಿಟ್ಟೆ. ಆಗ ಏಳು ವರ್ಷ. ಇಷ್ಟು ದೊಡ್ಡವಳಾದರೂ ಅದನ್ನು ಯಾರಿಗೂ ಹೇಳಿರಲಿಲ್ಲ.

ವಿಸಿಟ್ ವೀಸಾದ ಮೇಲೆ ಬಂದಿರುವ ಅವ್ವ ಇವತ್ತು ಬಾಲ್ಕನಿಯಲ್ಲಿ ನನ್ನ ಮಗಳಿಗೆ ಅದೇ ಕತೆ ಹೇಳುತ್ತಿದ್ದಳು.

"ಎಲ್ಲಾ ಕಾಯಿಪಲ್ಯ ಬೋಳ ಹಣಿಲೆ ಕುಂತಿದ್ವು. ನಮ್ಮ ಕುಂಬಳಕಾಯಿ ಒಂದೇ ನೋಡವಾ, ಮದಲಗಿತ್ತಿಹಂಗ!"

ಇಷ್ಟು ವರ್ಷ ಅವಳು ತಾನು ಕಾಣದ ಆ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಸುಮ್ಮನಿರಬಹುದಿತ್ತು. ಆದರೆ ಮಗಳು ಬೆರಗಿನಿಂದ ನನ್ನತ್ತ ತಿರುಗಿದಾಗ ತಡೆಯಲಾಗಲಿಲ್ಲ.

"ಅವ್ವಾ, ನಾ ಅದನ್ನ ಒರಸಿಬಿಟ್ಟಿದ್ದೆ. ನಾಚಿಕಿ ಬಂದಿತ್ತು."

"ಅಮ್ಮಾ! ಹೌ ಕುಡ್ ಯೂ?" ಎಂದಳು ಮಗಳು.

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸಣ್ಣಾಕಿ ಇದ್ದಿ, ಬಿಡು," ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು, "ನಾನೂ ಅಲ್ಲೆ ಅಂಗಡಿಗೆ ಹೋಗೂಮುಂದ ಹಣಿ ಒರಸ್ಕೊಂಡ ಹೋಗ್ತಿದ್ದೆ. ನಿಮ್ಮಪ್ಪಗ ಇವತ್ತಿಗೂ ಗೊತ್ತಿಲ್ಲ."

ಅವಳ ಕೈ ಹಿಡಿದು ಆ ಅಂಗಡಿಗೆ ನಾನು ಎಷ್ಟು ಸಲ ಹೋಗಿಲ್ಲ! ಕಣ್ಣು ಮುಚ್ಚಿ ನೋಡಿದೆ. ಇಳಿಜಾರಿನ ದಾರಿ, ಸೀರೆಯ ಮೇಲೆ ಹಸಿರು ಕೋಟು, ಹಣೆಯಲ್ಲಿ ಕಾಸಿನಗಲ ಕುಂಕುಮ. ನನ್ನ ನೆನಪಿನಲ್ಲಿ ಅದು ಒಂದು ದಿನವೂ ತಪ್ಪಿಲ್ಲ. ಹಾಗಾದರೆ ಅದನ್ನು ಅಲ್ಲಿ ಇಟ್ಟವಳು ನಾನೇ ಇರಬೇಕು. ಸುಳ್ಳೆಂದು ಈಗ ಗೊತ್ತು. ಆದರೂ ಒರೆಸಲು ಕೈ ಏಳುತ್ತಿಲ್ಲ.