ಮೆಲ್ಲಣ್ಣನ ಎದೆ

ಆಂಬುಲೆನ್ಸ್ ಓಡಿಸುವವನಿಗೆ ಮೆಲ್ಲಣ್ಣ ಎಂದು ಅಡ್ಡಹೆಸರು ಬಿದ್ದರೆ ಯಾರಿಗಾದರೂ ನಗು ಬರಬೇಕು. ಹೆರಿಗೆ ವಾರ್ಡಿನ ಕೆಲಸ ಬಿಟ್ಟು ಆಂಬುಲೆನ್ಸಿಗೆ ಬಂದ ನರ್ಸಮ್ಮನಿಗೂ ಮೊದಲ ದಿನ ನಗು ತಡೆಯಲಾಗಲಿಲ್ಲ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಗಾಡಿ ಓಡಿಸುವುದು ತಾನಾದರೂ ಸೂಜಿ ಹಿಡಿಯುವುದು ಹಿಂದೆ ಕೂತವಳು, ಗಾಡಿ ಕುಣಿದರೆ ಸೂಜಿಯೂ ಕುಣಿಯುತ್ತದೆ, ಸೈರನ್ ಎಷ್ಟು ಬೇಕಾದರೂ ಅರಚಿಕೊಳ್ಳಲಿ, ಚಕ್ರ ಮಾತ್ರ ನೆಲ ಬಿಡಬಾರದು ಎಂದು ತಿಳಿಸಿ ಹೇಳಿದ. ಅಂದಿನಿಂದ ಹನ್ನೊಂದು ವರ್ಷ ಅವರಿಬ್ಬರದೂ ಒಂದೇ ಗಾಡಿ. ರಸ್ತೆಯಲ್ಲಿ ಉಬ್ಬು ಬರುವ ಮುಂಚೆ ಅವನು "ಹಂಪ್" ಎಂದು ಕೂಗುತ್ತಿದ್ದ. ಅವಳು ಸೂಜಿ ಎತ್ತಿ ಹಿಡಿದು, ಚಕ್ರ ಇಳಿದ ಮೇಲೆ ಮತ್ತೆ ಕೆಲಸ ಮುಂದುವರಿಸುತ್ತಿದ್ದಳು. ಅವಳಿಗೆ ಒಡಹುಟ್ಟಿದವರಿರಲಿಲ್ಲ. ಅವನು ತಂಗಿ ಎಂದು ಕರೆದದ್ದು ಬರೀ ಬಾಯಿಮಾತಿಗಿರಬಹುದು, ಅವಳು ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡುಬಿಟ್ಟಳು.

ಎದೆಗೆ ಪೆಟ್ಟಾದವರೆಂದರೆ ಅವಳಿಗೆ ಮೊದಲಿನಿಂದ ಹೆದರಿಕೆ. ಕೈಕಾಲು ಮುರಿದರೆ ಕಣ್ಣಿಗೆ ಕಾಣುತ್ತದೆ. ಎದೆ ಹಾಗಲ್ಲ, ಮೇಲೆ ಒಂದು ತರಚು, ಒಳಗೆ ಏನಾಗಿದೆಯೋ ದೇವರೇ ಬಲ್ಲ. ಸೇರಿದ ಎರಡನೇ ತಿಂಗಳಲ್ಲೇ ಗಾಜಿನಂಗಡಿಯ ಕೆಲಸಗಾರನೊಬ್ಬನ ಎದೆಗೆ ಗಾಜಿನ ಚೂರು ಹೊಕ್ಕಿತ್ತು. ಅವನು ಉಸಿರೆಳೆದಾಗಲೆಲ್ಲ ಆ ತೂತು ಸೊರ್ ಎಂದು ಗಾಳಿ ಹೀರುತ್ತಿತ್ತು. ಅವಳು ಕಲ್ಲಾಗಿ ನಿಂತಳು. ಮೊದಲು ಅಂಗೈ ಇಟ್ಟು ಮುಚ್ಚು, ಓದಿದ್ದೆಲ್ಲ ಆಮೇಲೆ ನೆನಪಾಗುತ್ತೆ ಎಂದು ಹಿಂಬಾಗಿಲಿನಿಂದ ಮೆಲ್ಲಣ್ಣ ಹೇಳಿದ. ಅಂಗೈ ಇಟ್ಟ ಮೇಲೆ ನಿಜವಾಗಿಯೂ ನೆನಪಾಯಿತು. ತೂತಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಮೂರು ಬದಿಗೆ ಮಾತ್ರ ಟೇಪು ಹಚ್ಚಿ, ಒಳಗೆ ಸೇರಿದ ಗಾಳಿ ಹೊರಗೆ ಹೋಗಲೆಂದು ನಾಲ್ಕನೆಯ ಬದಿಯನ್ನು ಬಿಟ್ಟಳು. ಕೆಲಸಗಾರ ಬದುಕಿದ.

ಆಮೇಲೆ ಅವಳ ಕೈ ಪಳಗಿತು. ಅಂಗಿ ಕತ್ತರಿಸಿ ತೆಗೆದು ಎದೆಯ ಎರಡೂ ಕಡೆ ಸಮವಾಗಿ ಏಳುತ್ತಿವೆಯೇ ಎಂದು ನೋಡುವುದು, ಕೊರಳಿನ ನರ ಉಬ್ಬಿದೆಯೇ ಎಂದು ನೋಡುವುದು, ಪಕ್ಕೆಯ ಮೇಲೆ ಬೆರಳಿಟ್ಟು ತಟ್ಟಿ ಆ ಸದ್ದಿನಿಂದಲೇ ಒಳಗಿರುವುದು ಗಾಳಿಯೋ ರಕ್ತವೋ ಎಂದು ಊಹಿಸುವುದು. ಇನ್ನೊಂದು ಅಭ್ಯಾಸವೂ ಬೆಳೆಯಿತು. ಉಳಿಯುತ್ತಾರೆ ಎಂಬ ನಂಬಿಕೆ ಇದ್ದವರನ್ನು ಅವಳು ಚೆನ್ನಾಗಿ ಗದರುತ್ತಿದ್ದಳು. ನಂಬಿಕೆ ಹೋದವರೊಂದಿಗೆ ಅವಳ ದನಿ ತನ್ನಷ್ಟಕ್ಕೆ ಮೆದುವಾಗಿಬಿಡುತ್ತಿತ್ತು, ಕೂಸನ್ನು ಮಲಗಿಸುವವರ ದನಿಯಂತೆ. ಇದು ಅವಳಿಗೇ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಮರದ ಹಲಗೆಗಳ ಗೋದಾಮಿನಿಂದ ಕರೆ ಬಂತು. ಅಲ್ಲಿನ ಕಾವಲುಗಾರ ತಲೆ ಸುತ್ತಿ ಬಿದ್ದಿದ್ದ. ಇವರು ತಲುಪುವಷ್ಟರಲ್ಲಿ ಎದ್ದು ಕೂತು, ಸಕ್ಕರೆ ನೀರು ಕುಡಿದು, ತನ್ನಿಂದ ಎಲ್ಲರಿಗೂ ತೊಂದರೆಯಾಯಿತಲ್ಲ ಎಂದು ನಾಚಿಕೊಳ್ಳುತ್ತಿದ್ದ. ನರ್ಸಮ್ಮ ಅವನ ಬಿ.ಪಿ. ನೋಡುತ್ತಿದ್ದಳು. ಹಲಗೆ ತುಂಬಿದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅದು ಆಂಬುಲೆನ್ಸಿಗೆ ತಾಗೀತು ಎಂದು ಮೆಲ್ಲಣ್ಣ ಹೋಗಿ ಕೈಸನ್ನೆ ಮಾಡಿ ದಾರಿ ತೋರಿಸತೊಡಗಿದ. ಲಾರಿಯ ಕನ್ನಡಿಯಲ್ಲಿ ಅವನು ಕಾಣಿಸದೆ ಹೋದದ್ದು ಒಂದೇ ಗಳಿಗೆ. ಲಾರಿಯ ಹಿಂಭಾಗಕ್ಕೂ ಗೋಡೆಗೂ ನಡುವೆ ಅವನ ಎದೆ ಸಿಕ್ಕಿಕೊಂಡಿತು.

ಜನ ಕೂಗಿದ ಮೇಲೆ ಲಾರಿ ಮುಂದೆ ಸರಿಯಿತು. ಮೆಲ್ಲಣ್ಣ ಗೋಡೆಗೆ ಬೆನ್ನು ಉಜ್ಜುತ್ತ ಜಾರಿ ಕೂತ. ಓಡಿಬಂದ ನರ್ಸಮ್ಮನನ್ನು ನೋಡಿ ನಗಲು ಹೋದ, ಆಗಲಿಲ್ಲ. ಅವಳು ಅಂಗಿ ಕತ್ತರಿಸಿದಳು. ರಕ್ತವೇ ಇಲ್ಲ. ಆದರೆ ಉಸಿರೆಳೆದಾಗ ಎದೆಯೆಲ್ಲ ಉಬ್ಬಿದರೆ, ಎಡಪಕ್ಕೆಯಲ್ಲಿ ಅಂಗೈಯಗಲದ ಜಾಗ ಮಾತ್ರ ಒಳಕ್ಕೆ ಹೋಗುತ್ತಿತ್ತು. ಉಸಿರು ಬಿಟ್ಟಾಗ ಅದು ಹೊರಕ್ಕೆ ಬರುತ್ತಿತ್ತು. ಮೂರು ನಾಲ್ಕು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದು, ಆ ತುಂಡು ದೇಹದ ಹಿಡಿತ ಬಿಟ್ಟು ಬೇರೆಯಾಗಿದೆ ಎಂದು ಅವಳಿಗೆ ತಿಳಿಯಿತು.

ಇನ್ನೊಂದು ಆಂಬುಲೆನ್ಸ್ ಬರಬೇಕಾದರೆ ನಲವತ್ತು ನಿಮಿಷ. ದೊಡ್ಡಾಸ್ಪತ್ರೆಗೆ ಇಪ್ಪತ್ತೈದು ನಿಮಿಷದ ದಾರಿ. ಅವಳಿಗೆ ಗಾಡಿ ಓಡಿಸಲು ಬಾರದು, ಬಂದರೂ ಅವನ ಪಕ್ಕದಿಂದ ಏಳುವಂತಿರಲಿಲ್ಲ. ಯಾರಿಗೆ ಓಡಿಸಲು ಬರುತ್ತೆ ಎಂದು ಕೇಳಿದಳು. ಸುತ್ತ ನಿಂತವರಲ್ಲಿ ಮುಂದೆ ಬಂದವನು ಲಾರಿಯ ಚಾಲಕನೊಬ್ಬನೇ. ತಲೆ ನರೆತ ಮನುಷ್ಯ. ಅವಳ ಮೈ ಉರಿಯಿತು. ಆದರೆ ಮೆಲ್ಲಣ್ಣ ಕಣ್ಣಲ್ಲೇ ತನ್ನ ಜೇಬು ತೋರಿಸಿದ.

"ಕೀ ಕೊಡು ಅವನಿಗೆ. ಕ್ಲಚ್ ಸ್ವಲ್ಪ ಬಿಗಿ ಅನ್ನು."

ಗಾಡಿ ಹೊರಟಿತು. ಆಮ್ಲಜನಕದ ಮಾಸ್ಕ್ ಹಾಕಿದರೂ ಅವನ ಉಸಿರಾಟ ಕೆಡುತ್ತ ಹೋಯಿತು. ತುಟಿ ನೀಲಿಯಾಯಿತು, ಕೊರಳಿನ ನರಗಳು ಹಗ್ಗದಂತೆ ಉಬ್ಬಿದವು, ಗಂಟಲಿನ ಕೊಳವೆ ಬಲಕ್ಕೆ ವಾಲಿತು. ಎಡಗಡೆ ತಟ್ಟಿದರೆ ಖಾಲಿ ಡಬ್ಬದ ಸದ್ದು, ಸ್ಟೆತಾಸ್ಕೋಪು ಇಟ್ಟರೆ ಉಸಿರಿನ ಸುಳಿವೇ ಇಲ್ಲ. ಹರಿದ ಶ್ವಾಸಕೋಶದಿಂದ ಸೋರಿದ ಗಾಳಿ ಹೊರಗೆ ಹೋಗಲಾರದೆ ಹೃದಯವನ್ನೇ ಒತ್ತುತ್ತಿತ್ತು. ಅವಳು ಫೋನಿನಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ನಾಲ್ಕೇ ಮಾತಿನಲ್ಲಿ ಹೇಳಿದಳು. ಕಾಯಬೇಡಿ, ಚುಚ್ಚಿ ಎಂದರು ಅವರು. ದಪ್ಪ ಸೂಜಿ ಹಿಡಿದು, ಕೊರಳೆಲುಬಿನ ಕೆಳಗೆ ಪಕ್ಕೆಲುಬುಗಳ ಎರಡನೆಯ ಸಂದು ಹುಡುಕಿದಳು. ಸೂಜಿಯ ತುದಿಯನ್ನು ಚರ್ಮಕ್ಕೆ ತಾಗಿಸಿದಳು.

"ಹಂಪ್," ಎಂದ ಮೆಲ್ಲಣ್ಣ, ಕಣ್ಣು ಮುಚ್ಚಿಕೊಂಡೇ. ಆ ರಸ್ತೆ ಅವನ ಬೆನ್ನಿಗೂ ಗೊತ್ತಿತ್ತು.

ನಿಧಾನ ಎಂದು ಅವಳು ಮುಂದಕ್ಕೆ ಕೂಗಿದಳು. ಗಾಡಿ ಮೆತ್ತಗೆ ಹತ್ತಿ ಇಳಿಯಿತು. ಅವಳು ಚುಚ್ಚಿದಳು. ಸ್ಸ್ ಎಂದು ಗಾಳಿ ಹೊರಬಂತು. ಎರಡು ನಿಮಿಷದಲ್ಲಿ ಅವನ ತುಟಿಗೆ ಬಣ್ಣ ಬಂತು. ಈ ಲಾರಿಯವನು ಗೇರ್ ಬದಲಿಸೋದು ತಡ ಎಂದು ಗೊಣಗಿದ. ಅವಳು ಅಳುತ್ತಲೇ ನಕ್ಕಳು. ಅವನ ಫೋನಿನಿಂದಲೇ ಅವನ ಹೆಂಡತಿಗೆ ಕರೆ ಮಾಡಿದಳು.

"ಉಸಿರಾಡ್ತಿದ್ದಾರೆ ಅತ್ತಿಗೆ, ಮಾತಾಡ್ತಿದ್ದಾರೆ. ಹೆದರಬೇಡಿ. ಒಂದು ಜೊತೆ ಬಟ್ಟೆ ತಗೊಂಡು ಆಸ್ಪತ್ರೆಗೆ ಬನ್ನಿ."

ಫೋನು ಇಟ್ಟು ಮತ್ತೆ ನಾಡಿ ಹಿಡಿದಾಗ ಅದು ನೂಲಿನಂತಾಗಿತ್ತು. ಉಬ್ಬಿದ್ದ ಕೊರಳ ನರಗಳು ಈಗ ಪೂರಾ ಇಳಿದಿದ್ದವು. ಪಕ್ಕೆಯ ಕೆಳಭಾಗದಲ್ಲಿ ತಟ್ಟಿದಳು, ತುಂಬಿದ ಮೂಟೆಯ ಸದ್ದು. ಗಾಳಿಯಲ್ಲ, ರಕ್ತ. ಅದಕ್ಕೆ ಅವಳ ಪೆಟ್ಟಿಗೆಯಲ್ಲಿ ಮದ್ದಿರಲಿಲ್ಲ. ಸಲೈನ್ ಏರಿಸಿ, ಅವನ ಕಿವಿಯ ಹತ್ತಿರ ಬಗ್ಗಿದಳು.

"ಬಂದೇಬಿಡ್ತು ಅಣ್ಣ. ಇನ್ನೈದು ನಿಮಿಷ. ಡಾಕ್ಟರು ಬಾಗಿಲಲ್ಲೇ ಕಾಯ್ತಿದ್ದಾರೆ. ಏನೂ ಆಗಲ್ಲ."

ಮೆಲ್ಲಣ್ಣ ಕಣ್ಣು ತೆರೆದು ಅವಳನ್ನೇ ನೋಡಿದ.

"ಈ ದನಿ ನಂಗೊತ್ತು ತಂಗಿ," ಎಂದ. "ಹನ್ನೊಂದು ವರ್ಷ ಮುಂದೆ ಕೂತು ಕೇಳಿದೀನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಲೈನ್ ಬಾಟಲಿಯತ್ತ ಮುಖ ತಿರುಗಿಸಿದಳು.

"ಬೈಯಿ ನನ್ನ," ಎಂದ ಅವನು. "ಬೇರೆಯವರಿಗೆಲ್ಲ ಬೈತೀಯಲ್ಲ. ಒಂದ್ಸಲ ಬೈದುಬಿಡು."

"ಸುಮ್ಮನೆ ಮಲ್ಕೊಳ್ಳಿ," ಎಂದಳು. "ಕೈ ಅಲ್ಲಾಡಿಸಬೇಡಿ, ಎಷ್ಟು ಸಲ ಹೇಳೋದು..." ಅಷ್ಟಕ್ಕೇ ದನಿ ಮತ್ತೆ ಮೆದುವಾಗಿಬಿಟ್ಟಿತು. ಅವನು ಅವಳ ಮುಂಗೈ ಸವರಿದ. ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಿತ್ತು. ಪಕ್ಕೆಗೆ ನಳಿಗೆ ಹಾಕಿದ ಕೂಡಲೇ ಸೀಸೆ ರಕ್ತದಿಂದ ತುಂಬಿತು. ನೇರ ಆಪರೇಷನ್ ಕೋಣೆಗೆ ಒಯ್ದರು. ಎರಡು ಗಂಟೆ ಹೋರಾಡಿದರು. ಮಧ್ಯಾಹ್ನ ಒಂದೂಮುಕ್ಕಾಲಿಗೆ ಸರ್ಜನ್ ಹೊರಗೆ ಬಂದು ತಲೆ ಅಲ್ಲಾಡಿಸಿದರು. ಒಳಗಿನ ದೊಡ್ಡ ರಕ್ತನಾಳವೊಂದು ಹರಿದಿತ್ತು. ಆ ಸೂಜಿ ಚುಚ್ಚದಿದ್ದರೆ ಇಲ್ಲಿಯವರೆಗೂ ಬರುತ್ತಿರಲಿಲ್ಲ, ನೀವು ತಪ್ಪೇನೂ ಮಾಡಿಲ್ಲ ಎಂದು ಅವಳಿಗೆ ಎರಡು ಸಲ ಹೇಳಿದರು. ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಅತ್ತಿಗೆ ಅಷ್ಟರಲ್ಲಿ ಬಂದು ಕೂತಿದ್ದಳು. ಗಂಡನಿಗೆ ಕೈ ಎತ್ತಲು ಕಷ್ಟವಾಗಬಹುದೆಂದು ಯೋಚಿಸಿ, ಮುಂದೆ ಗುಂಡಿ ಇರುವ ಸಡಿಲ ಅಂಗಿಯನ್ನೇ ಆರಿಸಿ, ಇಸ್ತ್ರಿ ಮಾಡಿ ತಂದಿದ್ದಳು. ಸುದ್ದಿ ಕೇಳಿದ ಮೇಲೆ ಆ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ನರ್ಸಮ್ಮನತ್ತ ತಿರುಗಿದಳು.

"ಮಾತಾಡ್ತಿದ್ದಾರೆ ಅಂದಿದ್ದೆಯಲ್ಲಮ್ಮ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಲಾರಿಯವನು ಆಸ್ಪತ್ರೆಯ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಆಂಬುಲೆನ್ಸಿನ ಕೀ ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಪೊಲೀಸರು ಪಕ್ಕದಲ್ಲಿದ್ದರೂ ಅದನ್ನು ಅವರ ಕೈಗೆ ಕೊಟ್ಟಿರಲಿಲ್ಲ. ನರ್ಸಮ್ಮ ಹೋಗಿ ಅಂಗೈ ಚಾಚಿದಳು. ಗಾಡಿ ನೆರಳಲ್ಲಿ ನಿಲ್ಲಿಸಿದೀನಿ ಎಂದ ಅವನು, ತಲೆ ಎತ್ತದೆ. ಪೊಲೀಸರು ಕೇಳಿದಾಗ ಅವಳು ಕಂಡದ್ದನ್ನೆಲ್ಲ ಹೇಳಿದಳು: ಲಾರಿ ಹಿಂದಕ್ಕೆ ಬಂದದ್ದು, ಆಮೇಲೆ ಅದೇ ಮನುಷ್ಯ ಒಂದು ಕುಲುಕೂ ಇಲ್ಲದೆ ಆಂಬುಲೆನ್ಸ್ ತಂದು ಮುಟ್ಟಿಸಿದ್ದು. ಎರಡನ್ನೂ ಬರೆದುಕೊಳ್ಳಿ ಎಂದಳು.

ಇಪ್ಪತ್ತು ದಿನ ರಜೆ ಹಾಕಿ ಮತ್ತೆ ಕೆಲಸಕ್ಕೆ ಬಂದಳು. ಹೊಸ ಚಾಲಕ ಒಳ್ಳೆಯವನೇ. ಅವನ ಜೊತೆ ಅವಳು ಅಷ್ಟಾಗಿ ಮಾತು ಬೆಳೆಸಲಿಲ್ಲ. ಅತ್ತಿಗೆಯ ಮನೆಗೆ ಹೋಗಲು ನಾಲ್ಕು ತಿಂಗಳು ಹಿಡಿಯಿತು. ಎರಡು ಸಲ ಬೀದಿಯ ತಿರುವಿನವರೆಗೆ ಹೋಗಿ ವಾಪಸಾಗಿದ್ದಳು.

ಹೋದ ದಿನ ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಬಾ ಎಂದು ಪಕ್ಕದಲ್ಲೇ ಕೂರಿಸಿಕೊಂಡಳು. ತರಕಾರಿ ಹೆಚ್ಚಿ ಮುಗಿಸಿ ಚಾಕು ಕೆಳಗಿಟ್ಟು, ಡಾಕ್ಟರು ಏನೇನೋ ಹೇಳಿದರು, ತನಗೊಂದೂ ತಲೆಗೆ ಹತ್ತಲಿಲ್ಲ, ಅವರ ಎದೆಯಲ್ಲಿ ಏನಾಯಿತು ಎಂದು ತನಗೆ ತಿಳಿಯುವ ಹಾಗೆ ಹೇಳು ಎಂದು ಕೇಳಿದಳು.

ನರ್ಸಮ್ಮ ಅತ್ತಿಗೆಯ ಕೈಬೆರಳು ಹಿಡಿದು ಅತ್ತಿಗೆಯದೇ ಎಡಪಕ್ಕೆಯ ಮೇಲಿಟ್ಟಳು. ಇಲ್ಲಿಂದ ಇಲ್ಲಿಯವರೆಗೆ ಮುರಿದಿತ್ತು ಎಂದಳು. ಬೆರಳನ್ನು ಮೇಲಕ್ಕೆ ಒಯ್ದು ಸೂಜಿ ಚುಚ್ಚಿದ ಜಾಗ ತೋರಿಸಿದಳು, ಕೆಳಕ್ಕೆ ತಂದು ರಕ್ತ ನಿಂತ ಜಾಗ ತೋರಿಸಿದಳು. ಅತ್ತಿಗೆ ಬೆರಳನ್ನು ಅಲ್ಲೇ ಇಟ್ಟುಕೊಂಡು ಕೇಳಿದಳು.

"ನೋವಾಗ್ತಿತ್ತಾ ಅವರಿಗೆ?"

"ಆಗ್ತಿತ್ತು ಅತ್ತಿಗೆ. ತುಂಬಾ."

ಅತ್ತಿಗೆ ತಲೆಯಾಡಿಸಿದಳು. "ಎಲ್ಲರೂ ಇಲ್ಲ ಅಂತಾನೇ ಹೇಳಿದ್ರು," ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಲ್ಕು ತಿಂಗಳಲ್ಲಿ ಯಾರೆದುರಿಗೂ ಅಳದವಳು ಅಂದು ಗೋಳೋ ಎಂದು ಅತ್ತಳು. ನರ್ಸಮ್ಮ ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕೂತು ತಾನೂ ಅತ್ತಳು.

ಮರುದಿನ ಬೆಳಗಿನ ಪಾಳಿ ಇದ್ದುದರಿಂದ ಅಂದೇ ರಾತ್ರಿ ಎಂಟಕ್ಕೆಲ್ಲ ನರ್ಸಮ್ಮ ಹೊರಟಳು. ಅತ್ತಿಗೆ ಬಾಗಿಲವರೆಗೆ ಬಂದು, ಬರ್ತಿರು ಎಂದಳು. ತಿಂಗಳಿಗೊಮ್ಮೆಯಾದರೂ ಅವಳು ಹೋಗಿಬರುತ್ತಾಳೆ.